ಜೋಗ ತೋರಿಸ್ತೀನಿ ಅಂತ ಅಪ್ಪನನ್ನು ಹೆಗ್ಗೋಡಿಗೆ ಕರೆದೊಯ್ದೆ

ಮನೆಗೆ ಫೋನ್ ಮಾಡಿದಾಗ ಅಪ್ಪ ಎತ್ತಿದರೆ ನಮ್ಮ ಮಾತು ಮೂರು ವಾಕ್ಯದಲ್ಲಿ ಮುಗಿಯುತ್ತದೆ. "ಊಟ ಆಯ್ತಾ? ಆಫೀಸ್ ಹೆಂಗಿದೆ? ತಗೋ, ಅಮ್ಮಂಗೆ ಕೊಡ್ತೀನಿ." ಜಗಳ ಏನೂ ಇಲ್ಲ. ಮಾತಾಡೋಕೆ ವಿಷಯ ಇಲ್ಲ, ಅಷ್ಟೇ. ನಾನು ಮಾಡೋ ಕೆಲಸ ಅವರಿಗೆ ಅರ್ಥವಾಗಲ್ಲ, ಅವರ ಊರಿನ ರಾಜಕೀಯ ನನಗೆ ಬೇಕಿಲ್ಲ. ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಹೀಗೇ ಇರಬಹುದು.

ಕಳೆದ ಅಕ್ಟೋಬರ್‌ನಲ್ಲಿ ಅಮ್ಮ ಅಕ್ಕನ ಬಾಣಂತನಕ್ಕೆ ಹೋಗಿದ್ದರು. ಅಪ್ಪ ಮನೆಯಲ್ಲಿ ಒಬ್ಬರೇ. ನಾನು ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೋಗಬೇಕೆಂದು ರಜೆ ಉಳಿಸಿಕೊಂಡಿದ್ದೆ. ಕೊನೇ ಗಳಿಗೆಯಲ್ಲಿ ಅವರ ಹೆಸರನ್ನೂ ಸೇರಿಸಿದೆ. ನಾಟಕ, ಉಪನ್ಯಾಸ ಅಂದರೆ ಬರೋದಿಲ್ಲ ಅಂತ ಗೊತ್ತಿತ್ತು. ಅದಕ್ಕೇ "ಜೋಗ ನೋಡಿ ಬರೋಣ, ಮಳೆ ಈಗಷ್ಟೇ ಮುಗಿದಿದೆ, ನೀರು ಚೆನ್ನಾಗಿರುತ್ತೆ" ಅಂದೆ. ಅದು ಪೂರ್ತಿ ಸುಳ್ಳಲ್ಲ. ಸಾಗರದಿಂದ ಜೋಗ ಸುಮಾರು 30 ಕಿ.ಮೀ. ಅಷ್ಟೇ.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು. ಬೀರೂರಿನಲ್ಲಿ ಅಪ್ಪ ಒಂದು ಕೈಚೀಲ, ಒಂದು ಛತ್ರಿ ಹಿಡಿದು ಹತ್ತಿದರು. ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಮಂಜು ಇನ್ನೂ ಅಡಿಕೆ ತೋಟದ ಮೇಲೆ ಕೂತಿತ್ತು. ಅಲ್ಲಿಂದ ಹೆಗ್ಗೋಡಿಗೆ ಬಸ್ಸು, ಆಟೋ ಎರಡೂ ಸಿಗುತ್ತವೆ. ದಾರಿಯಲ್ಲಿ ನಿಜ ಹೇಳಿದೆ. ಅಪ್ಪ ಕಿಟಕಿ ಕಡೆ ನೋಡುತ್ತಾ, "ಅಲ್ಲಿ ಊಟ ಕೊಡ್ತಾರಾ?" ಅಂತ ಮಾತ್ರ ಕೇಳಿದರು.

ಊಟ ಕೊಡ್ತಾರೆ. ಚೆನ್ನಾಗಿಯೇ ಕೊಡ್ತಾರೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ನಿಮ್ಮ ಹಿಂದೆ ನಿಂತವರು ಹೆಸರಾಂತ ಸಾಹಿತಿ ಇರಬಹುದು, ಪಕ್ಕದೂರಿನ ಹೈಸ್ಕೂಲ್ ಮೇಷ್ಟ್ರೂ ಇರಬಹುದು.

ಹೋಗದವರಿಗಾಗಿ ಸ್ವಲ್ಪ ಹಿನ್ನೆಲೆ. ನೀನಾಸಂ ಎಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಊರಿನ ಆಸಕ್ತರು ಸೇರಿ ಕಟ್ಟಿಕೊಂಡ ಹವ್ಯಾಸಿ ನಾಟಕ ತಂಡ ಅದು. ಅದನ್ನು ಇವತ್ತಿನ ರೂಪಕ್ಕೆ ತಂದವರು ಇದೇ ಊರಿನ ಅಡಿಕೆ ಬೆಳೆಗಾರ, ಬರಹಗಾರ ಕೆ.ವಿ. ಸುಬ್ಬಣ್ಣ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂತು. 1973ರಲ್ಲಿ ಚಿತ್ರಸಮಾಜ ಶುರುವಾಗಿ, ತೋಟದ ಕೆಲಸ ಮುಗಿಸಿ ಬಂದವರು ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾ ನೋಡತೊಡಗಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ರಾಜ್ಯವಿಡೀ ಸುತ್ತುವ 'ತಿರುಗಾಟ'. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು, ಕೆಲಸ ಮಾತ್ರ ನಿಂತಿಲ್ಲ. ನಮ್ಮ ಸಿನಿಮಾಗಳಲ್ಲಿ ನೋಡುವ ಅಚ್ಯುತ್ ಕುಮಾರ್, ಹೆಸರಿನ ಜೊತೆಗೇ ಊರಿನಂತೆ ನೀನಾಸಂ ಅಂಟಿಸಿಕೊಂಡ ಸತೀಶ್, ಎಲ್ಲರೂ ಇಲ್ಲಿ ಕಲಿತವರು.

ವರ್ಷವಿಡೀ ಇದು ರಂಗಭೂಮಿ ಕಲಿಸುವ ಒಂದು ಸಣ್ಣ ಕಾಲೇಜು. ಅಕ್ಟೋಬರ್ ಬಂತೆಂದರೆ ಆ ಕ್ಯಾಂಪಸ್ ಹೊರಗಿನವರಿಗೆ ತೆರೆದುಕೊಳ್ಳುತ್ತದೆ. ಹಗಲು ಅತಿಥಿಗಳ ಉಪನ್ಯಾಸ, ಚರ್ಚೆ. ಸಂಜೆಯಾದರೆ ನಾಟಕ, ಸಂಗೀತ. ಮೊದಲೇ ಹೆಸರು ನೋಂದಾಯಿಸಿಕೊಳ್ಳಬೇಕು. ಬಟ್ಟೆಯ ಜೊತೆ ಸ್ವೆಟರ್, ಟಾರ್ಚ್, ಛತ್ರಿ ಇರಲಿ. ಮಲೆನಾಡಿನ ಅಕ್ಟೋಬರ್ ಯಾವಾಗ ಏನು ಮಾಡುತ್ತೆ ಹೇಳೋಕಾಗಲ್ಲ.

ಮೊದಲ ದಿನ ನನಗೇ ಕಷ್ಟವಾಯಿತು. ಇತಿಹಾಸದ ಪ್ರೊಫೆಸರ್ ಒಬ್ಬರು ಒಂದು ಗಂಟೆಗೂ ಹೆಚ್ಚು ಮಾತಾಡಿದರು, ಒಂದೇ ಒಂದು ಸ್ಲೈಡ್ ಇಲ್ಲದೆ. ಪಾಡ್‌ಕಾಸ್ಟನ್ನೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳಿ ಅಭ್ಯಾಸ ಆಗಿರೋ ನನಗೆ, ಕಣ್ಣು ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ. ಕೈ ತಾನಾಗೇ ಜೇಬಿನ ಫೋನ್ ಕಡೆ ಹೋಗುತ್ತಿತ್ತು. ಅಪ್ಪ ಅಷ್ಟು ಕಷ್ಟಪಡಲಿಲ್ಲ, ಆರಾಮಾಗಿ ನಿದ್ದೆ ಮಾಡಿದರು. ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಕೆಲವು ಗೋಷ್ಠಿಗಳಲ್ಲಿ ಮಾತು ತೀರಾ ಭಾರ. ಪ್ರಶ್ನೆ ಕೇಳಲು ಎದ್ದವರಲ್ಲಿ ಕೆಲವರಿಗೆ ಪ್ರಶ್ನೆಗಿಂತ ಪೀಠಿಕೆಯೇ ಉದ್ದ. "ನಿನ್ನ ಆಫೀಸಿನ ಮೀಟಿಂಗೂ ಹಿಂಗೇನಾ?" ಅಂತ ಅಪ್ಪ ಕಿವಿಯಲ್ಲಿ ಕೇಳಿದರು. ಹೌದು ಅಂದೆ. ನನ್ನ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದೇ ಇರಬೇಕು.

ಎರಡನೇ ರಾತ್ರಿ ತಿರುಗಾಟದ ಹೊಸ ನಾಟಕ. ರಂಗಮಂದಿರ ತುಂಬಿತ್ತು. ಶಿಬಿರದವರಲ್ಲದೆ ಊರವರೂ ಬಂದಿದ್ದರು. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ಕೈಯಲ್ಲೇ ಹಿಡಿದು ಕೂತವರು, ಮಲಗಿದ ಮಗುವನ್ನು ತೊಡೆ ಮೇಲೆ ಹಾಕಿಕೊಂಡ ಅಮ್ಮಂದಿರು. ನಾಟಕದಲ್ಲಿ ಇಬ್ಬರು ಅಣ್ಣತಮ್ಮಂದಿರು. ಕೊನೆಯಲ್ಲಿ ತಮ್ಮ ಮನೆ ಬಿಟ್ಟು ಹೋಗುತ್ತಾನೆ, ಅಣ್ಣ ಹೊಲದ ಬದುವಿನ ಮೇಲೆ ಕೂತೇ ಇರುತ್ತಾನೆ. ದೀಪ ಆರುತ್ತದೆ. ಅಷ್ಟೇ. ಅಪ್ಪನ ಕಡೆ ನೋಡಿದೆ. ನಿದ್ದೆ ಮಾಡಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಅದೇ ನಾಟಕದ ಚರ್ಚೆ. ನನಗೆ ಇಡೀ ಶಿಬಿರದಲ್ಲಿ ತುಂಬಾ ಇಷ್ಟವಾದದ್ದು ಇದೇ. ಹಿಂದಿನ ರಾತ್ರಿ ಬಣ್ಣ ಹಚ್ಚಿಕೊಂಡಿದ್ದವರು ಸಾದಾ ಬಟ್ಟೆಯಲ್ಲಿ, ನಿದ್ದೆಗಣ್ಣಲ್ಲಿ ಬಂದು ಎದುರಿಗೆ ಕೂರುತ್ತಾರೆ. ನೋಡಿದವರು ಏನು ಬೇಕಾದರೂ ಕೇಳಬಹುದು. ನಾನು ಒಂದು ಒಳ್ಳೇ ಪ್ರಶ್ನೆ ಕೇಳಿ ಬುದ್ಧಿವಂತ ಅನ್ನಿಸಿಕೊಳ್ಳಬೇಕು ಅಂತ ರಾತ್ರಿಯೇ ಫೋನಿನಲ್ಲಿ ಅದೂ ಇದೂ ಓದಿಕೊಂಡಿದ್ದೆ. ಎದ್ದು ನಿಂತು ನಾಟಕದ ರಾಜಕೀಯದ ಬಗ್ಗೆ ಏನೋ ದೊಡ್ಡದಾಗಿ ಹೇಳಿದೆ. ನಿರ್ದೇಶಕರು ತಾಳ್ಮೆಯಿಂದ ಕೇಳಿಸಿಕೊಂಡು, "ಅದು ಸರಿ. ನಿನ್ನೆ ನಿಮಗೆ ಏನು ಕಾಣಿಸಿತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಟಕ ನೋಡುವಾಗಲೇ ಅದರ ಬಗ್ಗೆ ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ. ಸಿನಿಮಾಕ್ಕೆ ಹೋಗುವ ಮುಂಚೆ ರೇಟಿಂಗ್ ನೋಡಿ, ಹೋಟೆಲಿಗೆ ಹೋಗುವ ಮುಂಚೆ ರಿವ್ಯೂ ಓದಿ, ನನಗೆ ಕಂಡದ್ದು ಏನು ಅಂತ ನಾನೇ ಕೇಳಿಕೊಂಡು ಎಷ್ಟು ದಿನವಾಯಿತೋ. ಸುಮ್ಮನೆ ಕೂತೆ.

ಆಗ ಪಕ್ಕದಲ್ಲಿದ್ದ ಅಪ್ಪ ಕೈ ಎತ್ತಿದರು. ಎದ್ದು ನಿಲ್ಲಲಿಲ್ಲ, ಮೊಣಕಾಲು ನೋವು. "ತಮ್ಮ ಹೋಗುವಾಗ ಅಣ್ಣ ತಿರುಗಿ ನೋಡಲ್ಲ. ಕೈಯಲ್ಲಿದ್ದ ಹಗ್ಗ ಸುತ್ತುತ್ತಾ ಇರ್ತಾನೆ. ಅದನ್ನ ಯಾರು ಹೇಳಿಕೊಟ್ಟಿದ್ದು?" ಅಣ್ಣನ ಪಾತ್ರ ಮಾಡಿದ ಹುಡುಗ ಎಚ್ಚರವಾದಂತೆ ಮುಂದೆ ಬಾಗಿದ. ತಾಲೀಮಿನಲ್ಲಿ ತಾನಾಗೇ ಬಂತು, ಆಮೇಲೆ ಉಳಿಸಿಕೊಂಡೆವು ಅಂದ. "ಉಳಿಸ್ಕೊಳ್ಳಿ. ಅದೇ ನಾಟಕ" ಅಂದರು ಅಪ್ಪ.

ಅವತ್ತು ಮಧ್ಯಾಹ್ನ ಗೋಷ್ಠಿ ತಪ್ಪಿಸಿ ಇಬ್ಬರೂ ಭೀಮನಕೋಣೆಯ ಚರಕಕ್ಕೆ ಹೋದೆವು. ರಂಗಕರ್ಮಿ ಪ್ರಸನ್ನ ಶುರು ಮಾಡಿದ, ಹಳ್ಳಿಯ ಹೆಣ್ಣುಮಕ್ಕಳು ನಡೆಸುವ ಕೈಮಗ್ಗದ ಸಹಕಾರ ಸಂಘ ಅದು. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣಗಳಲ್ಲಿ ಅದ್ದಿದ ಬಟ್ಟೆ. ಅಪ್ಪ ಒಂದು ಅಂಗಿ ಆರಿಸುತ್ತಾ ಇದ್ದಕ್ಕಿದ್ದಂತೆ, "ಹೋದವನೇ ಸರಿ" ಅಂದರು.

"ಯಾರು?"

"ಆ ತಮ್ಮ. ಹೋಗಿದ್ದೇ ಸರಿ."

ನನಗೆ ಯಾಕೋ ಸಿಟ್ಟು ಬಂತು. "ಉಳಿದವನ ಗತಿ ಏನು? ಎಲ್ಲ ಹೊರೆ ಅವನ ತಲೆ ಮೇಲೆ ಹಾಕಿ ಹೋದನಲ್ಲ" ಅಂದೆ. ಅಪ್ಪ ಬಿಡಲಿಲ್ಲ. ನಾನೂ ಬಿಡಲಿಲ್ಲ. ವಾಪಸ್ ನಡೆದು ಬರುವಾಗ, ರಾತ್ರಿ ಊಟದ ಸಾಲಿನಲ್ಲಿ, ಮಲಗುವ ಮುಂಚೆ, ಅದೇ ವಾದ. ಓದು ಮುಗಿಸಿ ಬೆಂಗಳೂರಿಗೆ ಹೊರಟು ಬಂದವರು ಯಾರು, ಊರಲ್ಲೇ ಉಳಿದವರು ಯಾರು ಅನ್ನೋದನ್ನ ಇಬ್ಬರೂ ಎತ್ತಲಿಲ್ಲ. ನಾಟಕದ ಬಗ್ಗೆ ಮಾತ್ರ ಮಾತಾಡಿದೆವು. ಅದು ಇದ್ದದ್ದರಿಂದಲೇ ಮಾತಾಡಲು ಆಯಿತು ಅನ್ಸುತ್ತೆ. ಎದುರುಬದುರು ಕೂತು ಹೇಳಲಾಗದ್ದನ್ನು, ಇಬ್ಬರೂ ಅಕ್ಕಪಕ್ಕ ಕೂತು ನೋಡಿದ ಮೂರನೆಯದೊಂದರ ಮೇಲೆ ಹಾಕಿ ಹೇಳಬಹುದು.

ಶಿಬಿರ ಮುಗಿದ ದಿನ ನೆನಪಿಸಿದೆ, "ಜೋಗ?" ಮಳೆ ಜೋರಾಗಿ ಹೊಡೆಯುತ್ತಿತ್ತು. "ಈ ಮಂಜಲ್ಲಿ ಏನು ಕಾಣುತ್ತೆ, ಬಿಡು. ಮುಂದಿನ ವರ್ಷ ಹೆಂಗೂ ಬರ್ತೀವಲ್ಲ" ಅಂದರು. ಯಾರನ್ನೂ ಕೇಳದೆ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು.

ಶಿಬಿರ ಮುಗಿದ ಮೇಲೆ ತಿರುಗಾಟದ ತಂಡ ಸೆಟ್ಟು, ದೀಪ, ಬಟ್ಟೆ ಎಲ್ಲ ಹೇರಿಕೊಂಡು ಊರೂರಿಗೆ ಹೊರಡುತ್ತದೆ. ಎರಡು ತಿಂಗಳ ನಂತರ ಒಂದು ರಾತ್ರಿ ಹನ್ನೊಂದು ಗಂಟೆಗೆ ಅಪ್ಪನ ಫೋನ್ ಬಂತು. ಆ ಹೊತ್ತಿನಲ್ಲಿ ಅವರ ಹೆಸರು ಸ್ಕ್ರೀನ್ ಮೇಲೆ ನೋಡಿ ಎದೆ ಧಸಕ್ಕೆಂದಿತು. ಏನೂ ಆಗಿರಲಿಲ್ಲ. ನಮ್ಮೂರಿನ ಹತ್ತಿರ ತಿರುಗಾಟ ಬಂದಿತ್ತಂತೆ, ಅಮ್ಮನನ್ನೂ ಕರೆದುಕೊಂಡು ಹೋಗಿದ್ದರಂತೆ.

"ಹಗ್ಗ ಹಂಗೇ ಇಟ್ಕೊಂಡಿದಾನೆ ಕಣೋ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳಿದ್ದೂ ಪೂರ್ತಿ ತಪ್ಪಲ್ಲ. ಉಳಿದವನಿಗೂ ಕಷ್ಟ ಇದೆ."

"ಹೋದವನಿಗೂ ಇದೆ ಅಪ್ಪ," ಅಂದೆ.

"ಹೂಂ," ಅಂದರು. "ತಗೋ, ಅಮ್ಮಂಗೆ ಕೊಡ್ತೀನಿ. ಅವಳು ಬೇರೇನೇ ಹೇಳ್ತಾಳೆ."