ನೀನೂ ಕೇಳ್ತೀಯಾ?

ಅಮ್ಮ ಫೋನ್ ಮಾಡಿ, “ಅಪ್ಪಂಗೆ ನಾಲ್ಕು ದಿನದಿಂದ ಜ್ವರ, ಮೀನಖಂಡ ಹಿಂಡಿದ ಹಾಗೆ ನೋವಂತೆ ಮಾರಾಯ” ಅಂದಾಗ ನಾನು ಮೀಟಿಂಗಲ್ಲಿದ್ದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಯಾರಿಗೆ ಜ್ವರ ಬರಲ್ಲ? ಪ್ಯಾರಾಸಿಟಮಾಲ್ ಕೊಡು ಅಂದು ಫೋನಿಟ್ಟೆ.

ಎರಡು ದಿನ ಬಿಟ್ಟು ಮತ್ತೆ ಫೋನು. ಕೆಂಪಗಿದ್ದ ಕಣ್ಣು ಈಗ ಹಳದಿ. ಉಚ್ಚೆ ಸರಿಯಾಗಿ ಹೋಗ್ತಿಲ್ಲ. ಪಕ್ಕದ ಮನೆಯವರು ಕಾಮಾಲೆಗೆ ಬೇರಿನ ಔಷಧಿ ತರ್ತೀವಿ ಅಂದಿದ್ದಾರೆ. ಅದೆಲ್ಲ ಬೇಡ, ಘಟ್ಟದ ಕೆಳಗೆ ದೊಡ್ಡಾಸ್ಪತ್ರೆಗೇ ಕರ್ಕೊಂಡು ಹೋಗಿ ಅಂದೆ. ಆಗುಂಬೆಯ ತಿರುವುಗಳನ್ನೆಲ್ಲ ಅಪ್ಪ ಹೊಟ್ಟೆ ಹಿಡ್ಕೊಂಡು, ಮುಂದಕ್ಕೆ ಬಗ್ಗಿಕೊಂಡೇ ಇಳಿದನಂತೆ.

ರಾತ್ರಿ ಬಸ್ಸು ಹತ್ತಿ ನಾನು ತಲುಪುವಷ್ಟರಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತ್ತು. ಲೆಪ್ಟೊಸ್ಪೈರೋಸಿಸ್. ನಮ್ಮ ಕಡೆಯ ಇಲಿ ಜ್ವರ. ಇಲಿ ಉಚ್ಚೆ ಸೇರಿದ ಕೆಸರುನೀರಿನ ಬ್ಯಾಕ್ಟೀರಿಯಾ ಕಾಲಿನ ಬಿರುಕು, ಗಾಯದಿಂದ ಮೈಯೊಳಗೆ ಹೋಗುತ್ತೆ. ಜ್ವರ ಬರೋದು ವಾರ, ಹತ್ತು ದಿನ ಕಳೆದ ಮೇಲೆ. ಹಿಂದಕ್ಕೆ ಎಣಿಸಿದರೆ ಸರಿಯಾಗಿ ನಮ್ಮ ಗದ್ದೆ ನೆಟ್ಟಿಯ ದಿನಗಳು. ಅಪ್ಪನ ಹಿಮ್ಮಡಿಯ ಬಿರುಕಿನಲ್ಲಿ ಎಂಟಾಣೆ ನಿಲ್ಲಿಸಬಹುದು ಅಂತ ನಾವು ಚಿಕ್ಕವರಿದ್ದಾಗ ತಮಾಷೆ ಮಾಡ್ತಿದ್ವಿ.

ಪೆನಿಸಿಲಿನ್ ಶುರುವಾಗಿತ್ತು. ಆದರೆ ಹೊಟ್ಟೆನೋವು ಮಾತ್ರ ಬೆನ್ನಿನವರೆಗೂ ಹೋಗ್ತಾ ಏರುತ್ತಲೇ ಇತ್ತು. ಸಂಜೆ ಲೈಪೇಸ್ ರಿಪೋರ್ಟ್ ಬಂತು, ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಯಜಮಾನರು ಕುಡೀತಾರಾ?”

“ಕಾಫಿ ಬಿಟ್ರೆ ಎಂತದೂ ಇಲ್ಲ” ಅಂದಳು ಅಮ್ಮ. ಅಪ್ಪ ಗೋಡೆ ಕಡೆ ತಿರುಗಿದ.

ವರಾಂಡದಲ್ಲಿ ಕೂತು ಗೂಗಲ್ ಮಾಡಿದೆ. ಮಾಡಬಾರದಿತ್ತು. ಎಲ್ಲಿ ನೋಡಿದರೂ ಮೊದಲೆರಡು ಕಾರಣ ಪಿತ್ತಕೋಶದ ಕಲ್ಲು, ಇಲ್ಲಾಂದ್ರೆ ಕುಡಿತ. ಸ್ಕ್ಯಾನಿನಲ್ಲಿ ಕಲ್ಲಿರಲಿಲ್ಲ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವ ನನಗೆ ಉಳಿದ ದಿನಗಳದ್ದು ಏನು ಗೊತ್ತು? ಸಂತೆಯ ದಿನ ಅಪ್ಪ ತಡವಾಗಿ ಬರ್ತಾನೆ ಅಂತ ಅಮ್ಮ ಯಾವತ್ತೋ ಗೊಣಗಿದ್ದು ನೆನಪಾಯ್ತು. ತಿಂಗಳಿಗೊಂದೆರಡು ಬಾರಿ ಟೀಮಿನವರ ಜೊತೆ ಬಿಯರ್ ಕುಡಿಯುವ ನಾನು, ರಾತ್ರಿ ಅಮ್ಮ ಹೊರಗೆ ಹೋದಾಗ, ಬಾಯಿಗೆ ಹನಿ ನೀರೂ ಹಾಕೋ ಹಾಗಿಲ್ಲದೆ ಮಲಗಿದ್ದ ಅಪ್ಪನ ಹತ್ತಿರ ಬಗ್ಗಿ, “ಡಾಕ್ಟ್ರಿಗೆ ಗೊತ್ತಾದ್ರೆ ಒಳ್ಳೇದು, ನಿಜ ಹೇಳು” ಅಂದೆ.

“ನೀನೂ ಕೇಳ್ತೀಯಾ?” ಅಂದ. ಅಷ್ಟೇ.

ಮರುದಿನ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು ಬಿಡಿಸಿ ಹೇಳಿದರು. ಇಲಿ ಜ್ವರದ ಬ್ಯಾಕ್ಟೀರಿಯಾ ಸಣ್ಣ ರಕ್ತನಾಳಗಳಿಗೇ ಪೆಟ್ಟು ಕೊಡುತ್ತೆ. ಕಿಡ್ನಿ, ಲಿವರ್, ಶ್ವಾಸಕೋಶ ಹಾಳಾಗೋದು ಹಾಗೆ. ಅಪರೂಪಕ್ಕೆ ಮೇದೋಜೀರಕಕ್ಕೂ ತಾಗುತ್ತೆ. ಊಟ ಜೀರ್ಣ ಮಾಡಬೇಕಾದ ರಸ ಆಗ ಗ್ರಂಥಿಯನ್ನೇ ಸುಡಲು ಶುರುಮಾಡುತ್ತೆ. ಕಿಡ್ನಿ ಸೋತಾಗ ಅಮೈಲೇಸ್ ತಾನಾಗೇ ಏರಬಹುದು, ಅದೊಂದನ್ನೇ ನಂಬೋ ಹಾಗಿಲ್ಲ, ಅದಕ್ಕೇ ಲೈಪೇಸೂ ಸ್ಕ್ಯಾನೂ ಮಾಡಿಸಿದ್ದು ಅಂದರು. ದಿನಾ ಲಾಗ್ ನೋಡುವ ಕೆಲಸ ನನ್ನದು. ಎರರ್ ಕಂಡಲ್ಲೇ ಬಗ್ ಇರಬೇಕಾಗಿಲ್ಲ ಅಂತ ಜೂನಿಯರುಗಳಿಗೆ ಪಾಠ ಹೇಳ್ತೀನಿ ಬೇರೆ.

ಡಯಾಲಿಸಿಸ್ ಬೇಕಾಗಲಿಲ್ಲ. ಡ್ರಿಪ್ಪಿನಲ್ಲೇ ಉಚ್ಚೆ ಬಿಟ್ಟಿತು. ನಾಲ್ಕನೇ ದಿನ ಗಂಜಿ ತಿಳಿ, ಹನ್ನೊಂದನೇ ದಿನ ಡಿಸ್ಚಾರ್ಜ್. ಆದರೆ ಸುದ್ದಿ ನಮಗಿಂತ ಮೊದಲೇ ಘಟ್ಟ ಹತ್ತಿತ್ತು. ನೋಡಲು ಬಂದ ದೊಡ್ಡಪ್ಪನೇ, “ಅದು ಕುಡಿಯೋರಿಗೆ ಬರೋದಲ್ಲನಾ?” ಅಂದ. ಅಪ್ಪ ಮಾತಾಡಲಿಲ್ಲ. ಡಿಸ್ಚಾರ್ಜ್ ಕಾಗದ ತರಿಸಿ, ಮದ್ಯಪಾನದ ಅಭ್ಯಾಸವಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದು ಅಂದ. ಓದಿದೆ. ಆ ಕಾಗದ ಈಗಲೂ ಜಗಲಿಯ ಕ್ಯಾಲೆಂಡರಿನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿದೆ.

ಈ ಮಳೆಗಾಲಕ್ಕೆ ಗಂಬೂಟು ಕಳಿಸಿದ್ದೆ. ಮೊನ್ನೆ ಫೋನಲ್ಲಿ, “ಹಾಕ್ಕೊಂಡೇ ಗದ್ದೆಗೆ ಇಳೀತೀಯಾ ತಾನೇ?” ಅಂತ ಕೇಳಿದೆ.

“ಹೌದು ಅಂದ್ರೆ ನಂಬ್ತೀಯಾ?” ಅಂದ ಅಪ್ಪ.