ಚಾಚಾ ಒತ್ತಿದ ಗುಂಡಿ

ನನ್ನ ಅಬ್ಬಾರ ತಮ್ಮ ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು. ಅಂಧರ ಶಾಲೆಯಲ್ಲಿ ಬ್ರೈಲ್ ಕಲಿತವರು. ಬೆಳಿಗ್ಗೆ ರೇಡಿಯೋ ವಾರ್ತೆ ಕೇಳದೆ ಚಾಚಾರಿಗೆ ಚಹಾ ಇಳಿಯುವುದಿಲ್ಲ. ಚುನಾವಣೆಗೆ ಯಾರು ನಿಂತಿದ್ದಾರೆ, ಯಾರು ಪಕ್ಷ ಬದಲಿಸಿದರು ಎಂಬುದು ಮನೆಯಲ್ಲಿ ಅವರಿಗೇ ಹೆಚ್ಚು ಗೊತ್ತು. ಆದರೂ ಬಹಳ ವರ್ಷ ಅವರ ಮತದ ಗುಂಡಿ ಒತ್ತಿದ್ದು ಬೇರೆಯವರ ಬೆರಳು. "ನಾನು ಹೇಳಿದವರಿಗೇ ಹೋಯಿತೋ ಇಲ್ಲವೋ, ಅಲ್ಲಾಹನಿಗೇ ಗೊತ್ತು" ಎಂದು ನಗುತ್ತಿದ್ದರು. ಆ ನಗುವಿನ ಹಿಂದಿನ ನೋವು ನನಗೆ ತಿಳಿದದ್ದು ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದಿದ ಮೇಲೆ.

ಸಂವಿಧಾನದ 326ನೇ ವಿಧಿಯ ಪ್ರಕಾರ ಮತದಾನಕ್ಕೆ 18 ವರ್ಷ ತುಂಬಿರಬೇಕು. ಕಣ್ಣು ಕಾಣದಿರುವುದು, ಕಿವಿ ಕೇಳದಿರುವುದು, ನಡೆಯಲಾಗದಿರುವುದು ಆ ಹಕ್ಕಿಗೆ ಅಡ್ಡಿಯೇ ಅಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೂ ಪಟ್ಟಿಯಿಂದ ಹೆಸರು ತೆಗೆಯುವಂತಿಲ್ಲ. ಅಸ್ವಸ್ಥಚಿತ್ತರೆಂದು ನ್ಯಾಯಾಲಯ ಘೋಷಿಸಿರಬೇಕು. ಎಲ್ಲ ಮತಗಟ್ಟೆಗಳೂ ಅಂಗವಿಕಲರಿಗೆ ಸುಗಮವಾಗಿರುವಂತೆ ನೋಡಿಕೊಳ್ಳುವುದು ಚುನಾವಣಾ ಆಯೋಗದ ಹೊಣೆ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ.

ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿರುತ್ತವೆ. ಅಭ್ಯರ್ಥಿಗಳ ಹೆಸರಿರುವ ಬ್ರೈಲ್ ಹಾಳೆಯನ್ನು ಮೊದಲು ಓದಿಕೊಂಡರೆ ಯಾವ ಅಂಕಿ ಯಾರದ್ದೆಂದು ತಿಳಿಯುತ್ತದೆ. ಬ್ರೈಲ್ ಬಾರದವರು 18 ವರ್ಷ ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಹಾಗೆ ಹೋದವರು ಗುಟ್ಟು ಕಾಯುವುದಾಗಿ ಬರೆದುಕೊಡಬೇಕು; ಅದೇ ದಿನ ಇನ್ನೊಬ್ಬರಿಗೆ ಜೊತೆಗಾರರಾಗುವಂತಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಚಾಚಾ ಆ ಹಾಳೆ ಕೇಳಿದರು. "ಜೊತೆಯವರೇ ಒತ್ತಲಿ ಬಿಡಿ, ಬೇಗ ಆಗುತ್ತೆ" ಎಂದರು ಅಲ್ಲಿದ್ದ ಒಬ್ಬರು. ಚಾಚಾ ಜಾಗ ಬಿಟ್ಟು ಕದಲಲಿಲ್ಲ. ಹಾಳೆ ಬಂತು. ಒಬ್ಬರೇ ಒಳಗೆ ಹೋಗಿ ಬಂದರು. ಯಾರಿಗೆ ಹಾಕಿದಿರಿ ಎಂದು ಚಾಚಿ ಕೇಳಿದಾಗ, "ಅದನ್ನೆಲ್ಲ ಹೇಳಬಾರದು" ಎಂದರು. ಇಷ್ಟು ವರ್ಷ ಆ ಮಾತು ಹೇಳುವ ಅವಕಾಶವೇ ಅವರಿಗಿರಲಿಲ್ಲ.

ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರು ನಮೂನೆ 12ಡಿ ತುಂಬಿ ಮನೆಯಿಂದಲೇ ಮತ ಹಾಕಬಹುದು. ಚಾಚಾರಿಗೆ ಅದು ಬೇಡ. "ನಡೆಯಲು ಆಗದವರಿಗೆ ಅದು ಬೇಕು. ನನಗೆ ಕಾಲಿದೆ, ಸಾಲಿನಲ್ಲಿ ನಿಲ್ಲುತ್ತೇನೆ" ಎನ್ನುತ್ತಾರೆ.

ಗೆಳೆಯ ಗೆಳತಿಯರೇ, 17 ತುಂಬಿದವರು ಈಗಲೇ ಮತದಾರರ ಪಟ್ಟಿಗೆ ಮುಂಗಡ ಅರ್ಜಿ ಹಾಕಬಹುದು. ನಿಮ್ಮ ಅರ್ಜಿ ತುಂಬುವ ದಿನ ಮನೆಯಲ್ಲಿ, ಮೊಹಲ್ಲಾದಲ್ಲಿ ಅಂಗವೈಕಲ್ಯ ಇರುವವರ ಹೆಸರು ಪಟ್ಟಿಯಲ್ಲಿದೆಯೇ ಎಂದೂ ನೋಡಿ. ಇದ್ದರೆ, ನಮೂನೆ 8ರಲ್ಲಿ ಅಂಗವೈಕಲ್ಯವನ್ನು ನಮೂದಿಸಲು ಅವರಿಗೆ ನೆರವಾಗಿ. ಯಾರಿಗೆ ಮತ ಹಾಕಬೇಕೆಂದು ಮಾತ್ರ ಹೇಳಿಕೊಡಬೇಡಿ. ಅದು ಅವರಿಗೆ ಗೊತ್ತಿರುತ್ತದೆ.