ಯಾರಿಂದ ಕೇಳಿದಿರಿ?

ನಮ್ಮ ಜಾವಳಿಗೆ ಬರುವ ಪ್ರವಾಸಿಗರು ಹೇಮಾವತಿಯ ಮೂಲವನ್ನು ನೋಡಿ ಸಾಮಾನ್ಯವಾಗಿ ನಿರಾಶರಾಗುತ್ತಾರೆ. ‘ಇಷ್ಟೇನಾ?’ ಎಂದು ಕೇಳುತ್ತಾರೆ. ಸಕಲೇಶಪುರದಲ್ಲಿ ಮೈದುಂಬಿ ಹರಿದು, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುವ ಹೊಳೆ ಇಲ್ಲಿ ಸಣ್ಣ ನೀರು ಅಷ್ಟೆ. ಆದರೆ ನಮಗೆ ಅದರಲ್ಲೊಂದು ನೆಮ್ಮದಿಯಿದೆ. ಸುಮಾರು 245 ಕಿಲೋಮೀಟರ್ ಹರಿಯುವ ನೀರು ಎಲ್ಲಿಂದ ಹೊರಟಿತು ಎಂದು ಬೆರಳು ತೋರಿಸಿ ಹೇಳಬಹುದು. ನಡುವೆ ಎಲ್ಲಾದರೂ ಕದಡಿದ್ದರೆ ದಡ ಹಿಡಿದು ನಡೆದು ಪತ್ತೆ ಹಚ್ಚಬಹುದು.

2019ರ ಆಗಸ್ಟಿನಲ್ಲಿ ನಮ್ಮ ಕೈಗೆ ಬಂದ ಒಂದು ಸುದ್ದಿಗೆ ಹೀಗೆ ತೋರಿಸಬಹುದಾದ ಮೂಲವಿರಲಿಲ್ಲ.

ಆ ವಾರ ಹಿಡಿದ ಮಳೆ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಮೂರು ದಿನವಾಗಿತ್ತು. ಮೂಡಿಗೆರೆ ತಾಲ್ಲೂಕಿನ ಹಲವು ಕಡೆ ಗುಡ್ಡಗಳು ಕುಸಿದಿದ್ದವು, ಚಾರ್ಮಾಡಿ ಘಾಟಿಯ ರಸ್ತೆ ಬಂದಾಗಿತ್ತು. ಇವೆಲ್ಲ ನಿಜ. ಅಪರೂಪಕ್ಕೆ ಸಿಗ್ನಲ್ ಸಿಕ್ಕಾಗ ಮೊಬೈಲಿಗೆ ಸಂದೇಶಗಳು ಒಟ್ಟಿಗೆ ಬಂದು ಬೀಳುತ್ತಿದ್ದವು. ಒಂದು ಸಂಜೆ ಹಾಗೆ ಬಂದವುಗಳಲ್ಲಿ ಒಂದು ವಾಯ್ಸ್ ಮೆಸೇಜ್ ಇತ್ತು. ಗಂಡಸಿನ ದನಿ, ಏದುಸಿರು, ಹಿಂದೆ ಮಳೆಯ ಸದ್ದು. ಹಿಂದಿನ ಗುಡ್ಡ ಬಾಯಿಬಿಟ್ಟಿದೆ, ರಾತ್ರಿಯೊಳಗೆ ಕೆಳಗೆ ಬರುತ್ತದೆ, ಮನೆಯಲ್ಲಿ ಯಾರೂ ಮಲಗಬೇಡಿ ಎಂಬ ಮಾತು. ಯಾವ ಗುಡ್ಡ, ಯಾವ ಊರು ಎಂದಿರಲಿಲ್ಲ. ನಮಗೆ ನಮ್ಮ ಹಿತ್ತಲಿನ ಗುಡ್ಡವೇ ಕಣ್ಣಮುಂದೆ ಬಂತು. ಜಮಾಅತಿನ ಗುಂಪಿಗೆ, ನೆಂಟರ ಗುಂಪಿಗೆ, ಶಾಲೆಯ ಹಳೆಯ ಗೆಳೆಯರ ಗುಂಪಿಗೆ ಕಳಿಸಿಬಿಟ್ಟೆವು. ಪಕ್ಕದ ಮನೆಯ ದಾದಿಮಾರ ಬಳಿ ಮೊಬೈಲ್ ಇರಲಿಲ್ಲ. ಅವರಿಗೆ ನಾವೇ ಹೋಗಿ ಹೇಳಿದೆವು.

ಕತ್ತಲಲ್ಲಿ, ತೋಟದ ಜಾರುದಾರಿಯಲ್ಲಿ, ದಾದಿಮಾ ಬಿದ್ದು ಸೊಂಟದ ಮೂಳೆ ಮುರಿಯಿತು. ರಸ್ತೆಗೆ ಮರಗಳು ಬಿದ್ದಿದ್ದರಿಂದ ಅವರನ್ನು ಆಸ್ಪತ್ರೆಗೆ ಸಾಗಿಸುವಾಗ ಮರುದಿನ ಮಧ್ಯಾಹ್ನವಾಗಿತ್ತು. ನಮ್ಮ ಗುಡ್ಡ ಇಂದಿಗೂ ಇದ್ದಲ್ಲೇ ಇದೆ.

ಬಕ್ರೀದಿನ ರಜೆಗೆ ಬರಲಾಗದೆ, ಮಳೆ ನಿಂತ ಮೇಲೆ ಬೆಂಗಳೂರಿನಿಂದ ಬಂದ ತಂಗಿಯ ಮಗ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದ. ‘ಮಾಮು, ಅದು ನಿಮಗೆ ಯಾರಿಂದ ಬಂತು?’

ಹುಡುಕುತ್ತ ಹೊರಟೆವು. ನಮಗೆ ಕಳಿಸಿದವರು ಕಳಸದ ನೆಂಟರು. ಅವರಿಗೆ ಮೂಡಿಗೆರೆಯ ಒಬ್ಬ ಅಂಗಡಿಯವರಿಂದ ಬಂದಿತ್ತು. ಅಂಗಡಿಯವರಿಗೆ ದಮಾಮಿನಲ್ಲಿ ದುಡಿಯುತ್ತಿದ್ದ ನಮ್ಮದೇ ಕಡೆಯ ಹುಡುಗನಿಂದ. ಮರಳುಗಾಡಿನಲ್ಲಿ ಕೂತು ಊರಿನ ಮಳೆಗೆ ಹೆದರಿದ್ದ ಆ ಹುಡುಗನಿಗೆ ಯಾವ ಗುಂಪಿನಿಂದ ಬಂತೆಂಬುದೇ ನೆನಪಿರಲಿಲ್ಲ. ಅಲ್ಲಿಗೆ ದಾರಿ ಮುಗಿಯಿತು. ಅದು ಹಿಂದಿನ ವರ್ಷ, 2018ರಲ್ಲಿ, ಕೊಡಗಿನಲ್ಲಿ ಗುಡ್ಡಗಳು ಕುಸಿದಾಗಿನ ದನಿಯಿರಬಹುದು ಎಂದು ತಂಗಿಯ ಮಗನ ಅನುಮಾನ. ಹಾಗಿದ್ದರೆ ಹೇಳಿದವನು ಸುಳ್ಳುಗಾರನಲ್ಲ. ಅವನ ಗುಡ್ಡ ನಿಜವಾಗಿಯೂ ಬಾಯಿಬಿಟ್ಟಿತ್ತು. ಅವನ ಸತ್ಯವನ್ನು ಊರು, ದಿನ ಕಿತ್ತುಹಾಕಿ ಸುಳ್ಳು ಮಾಡಿದವರು ನಾವು.

‘ಇದನ್ನೇ ಓದುವ ಒಂದು ಶಾಸ್ತ್ರವಿದೆ’ ಎಂದ ಹುಡುಗ. ವೆಬ್ ವಿಜ್ಞಾನ ಎಂಬ ಹೆಸರನ್ನು ನಾವು ಮೊದಲು ಕೇಳಿದ್ದು ಆಗ. ಕಥೆ ಬರೆಯುವವರಿಗೆ ವಿಜ್ಞಾನದ ಉಸಾಬರಿ ಯಾಕೆ ಎಂದು ಸುಮ್ಮನಿರಲು ಆಗಲಿಲ್ಲ. ದಾದಿಮಾರ ನರಳಾಟ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ವೆಬ್‌ನ ಕಥೆ ಶುರುವಾಗುವುದು 1989ರಲ್ಲಿ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ. ಅಲ್ಲಿದ್ದ ಟಿಮ್ ಬರ್ನರ್ಸ್ ಲೀ, ಬೇರೆ ಬೇರೆ ಕಂಪ್ಯೂಟರುಗಳಲ್ಲಿದ್ದ ಬರಹಗಳನ್ನು ಕೊಂಡಿ ಹಾಕಿ ಹೆಣೆಯುವ ಯೋಜನೆ ಬರೆದುಕೊಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಇಂಟರ್‌ನೆಟ್ ರಸ್ತೆಯಾದರೆ ವೆಬ್ ಆ ರಸ್ತೆಯ ಮೇಲೆ ನಡೆಯುವ ಸಂತೆ. ರಸ್ತೆಯನ್ನು ಇಂಜಿನಿಯರುಗಳು ಕಟ್ಟಿದರು, ಸಂತೆಯನ್ನು ಯಾರೂ ನಕ್ಷೆ ಬರೆದು ಕಟ್ಟಲಿಲ್ಲ. ಜನ ಬಂದು ಸೇರಿದಂತೆಲ್ಲ ಅದು ಬೆಳೆಯಿತು. ಆದ್ದರಿಂದಲೇ ಅದು ಹೇಗಿದೆ ಎಂದು ಅಳೆದು ನೋಡಬೇಕಾಗಿ ಬಂತು.

1999ರಲ್ಲಿ ಬರಬಾಸಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸರಾಸರಿ 19 ಕೊಂಡಿಗಳ ದೂರ ಎಂದು ಲೆಕ್ಕ ಹಾಕಿದರು. ಲೋಕ ಎಷ್ಟು ಹತ್ತಿರವಾಯಿತು ಎಂದು ಎಲ್ಲರೂ ಹಿಗ್ಗಿದರು. ಮರುವರ್ಷ 20 ಕೋಟಿ ಪುಟಗಳನ್ನು ಜಾಲಾಡಿದ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳಿತು. ಯಾವುವಾದರೂ ಎರಡು ಪುಟಗಳನ್ನು ಆರಿಸಿಕೊಂಡರೆ, ನಾಲ್ಕರಲ್ಲಿ ಮೂರು ಸಲ ಒಂದರಿಂದ ಇನ್ನೊಂದಕ್ಕೆ ದಾರಿಯೇ ಇರಲಿಲ್ಲ! ಎಲ್ಲರನ್ನೂ ಬೆಸೆದಿದೆ ಎಂದುಕೊಂಡ ಜಾಲದಲ್ಲೂ ನಮ್ಮ ಮಲೆನಾಡಿನಂತೆ ಒಂಟಿ ಮನೆಗಳು, ಬಸ್ಸಿಲ್ಲದ ಊರುಗಳು ಇದ್ದವು.

2006ರ ನವೆಂಬರಿನಲ್ಲಿ ಅಮೆರಿಕದ ಎಂಐಟಿ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯಗಳು ಸೇರಿ ಇದಕ್ಕೊಂದು ಸಂಶೋಧನಾ ಕೂಟವನ್ನೇ ಆರಂಭಿಸಿದವು. ಬರ್ನರ್ಸ್ ಲೀ, ವೆಂಡಿ ಹಾಲ್, ನೈಜೆಲ್ ಶ್ಯಾಡ್‌ಬೋಲ್ಟ್ ಮೊದಲಾದವರು ಮುಂದೆ ನಿಂತರು. ಕಂಪ್ಯೂಟರ್ ಬಲ್ಲವರಷ್ಟೇ ಸಾಲದು, ಸಮಾಜಶಾಸ್ತ್ರ, ಕಾನೂನು, ಅರ್ಥಶಾಸ್ತ್ರ ಬಲ್ಲವರೂ ಬೇಕು ಎಂಬುದು ಅವರ ವಾದ. ಒಬ್ಬರು ಒತ್ತುವ ಒಂದು ಗುಂಡಿ ಸಣ್ಣದು, ಕೋಟಿ ಜನ ಒತ್ತಿದಾಗ ಆಗುವುದು ಬೇರೆಯೇ ಎಂಬುದನ್ನು ಅವರು ಅರಿತಿದ್ದರು. 2009ರಲ್ಲಿ ಅಥೆನ್ಸಿನಲ್ಲಿ ಈ ವಿಜ್ಞಾನದ ಮೊದಲ ಸಮ್ಮೇಳನ ನಡೆಯಿತು. ನಮ್ಮ ಬೆಂಗಳೂರಿನ ಐಐಐಟಿಯಲ್ಲೂ ಇದಕ್ಕೆಂದೇ ಒಂದು ಪ್ರಯೋಗಾಲಯವಿದೆ.

ಇದು ಎಲ್ಲೋ ದೂರದ ಪಂಡಿತರ ವಿಷಯವಲ್ಲ. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಗಳ ಬೆನ್ನಿಗೇ, ಈಶಾನ್ಯದ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ನಿಂತದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ರಂಜಾನ್ ಮುಗಿದ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂಬ ವದಂತಿ ಅವರನ್ನು ಓಡಿಸಿತ್ತು. ಉಪವಾಸ ಹಿಡಿದು ಕೂತಿದ್ದ ನಮಗೆ, ನಮ್ಮ ಹೆಸರು ಹೇಳಿ ಯಾರೋ ಯಾರನ್ನೋ ಹೆದರಿಸುತ್ತಿದ್ದಾರೆ ಎಂಬುದು ತಿಳಿದದ್ದು ಆಮೇಲೆ. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಕೆಲ ದಿನ ಮಿತಿ ಹೇರಬೇಕಾಯಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಅವರಿಗಿಂತ ಮುಂದೆ ವಾಟ್ಸಾಪಿನಲ್ಲಿ ಸುಳ್ಳು ಓಡಿತ್ತು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ಬಂತು.

ಸುಳ್ಳು ಏಕೆ ಹೀಗೆ ಓಡುತ್ತದೆ? ಅದೇ 2018ರ ಮಾರ್ಚಿನಲ್ಲಿ ಎಂಐಟಿಯ ಮೂವರು ಸಂಶೋಧಕರು ಒಂದು ಉತ್ತರ ಕೊಟ್ಟಿದ್ದರು. 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಅವರು ಬೆನ್ನಟ್ಟಿದರು. ಸುಳ್ಳನ್ನು ಜನ ಮುಂದೆ ದಾಟಿಸುವ ಸಂಭವ ನಿಜಕ್ಕಿಂತ ಶೇಕಡಾ 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಯಿತು. ತಪ್ಪು ಯಂತ್ರಗಳದ್ದೆಂದು ಹೇಳಿ ಪಾರಾಗುವಂತೆಯೂ ಇರಲಿಲ್ಲ. ತಾವಾಗಿಯೇ ಸಂದೇಶ ಕಳಿಸುವ ಯಂತ್ರಗಳನ್ನು ಲೆಕ್ಕದಿಂದ ತೆಗೆದರೂ ಫಲಿತಾಂಶ ಅದೇ. ಓಡಿಸುವವರು ಮನುಷ್ಯರೇ, ನಮ್ಮಂಥವರೇ.

ಇದನ್ನು ಓದುವಾಗ ನಮಗೆ ಬಾಲ್ಯದ ಮದರಸ ನೆನಪಾಯಿತು. ಬೆಳಿಗ್ಗೆ ಮದರಸ, ಆಮೇಲೆ ಉರ್ದು ಶಾಲೆ, ಹೈಸ್ಕೂಲಿನಲ್ಲಿ ಕನ್ನಡ, ಹೀಗೆ ಬೆಳೆದವರು ನಾವು. ಹದೀಸ್ ಎಂದರೆ ಮಾತು ಮಾತ್ರವಲ್ಲ, ಆ ಮಾತಿನ ಹಿಂದೆ ಸನದ್ ಇರಬೇಕು ಎಂದು ಉಸ್ತಾದರು ಹೇಳುತ್ತಿದ್ದರು. ಯಾರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು ಎಂಬ ಸರಪಳಿಯೇ ಸನದ್. ಅದರ ಒಂದೊಂದು ಕೊಂಡಿಯನ್ನೂ ಹಿಂದಿನ ವಿದ್ವಾಂಸರು ತಟ್ಟಿ ನೋಡುತ್ತಿದ್ದರು. ಈ ಇಬ್ಬರು ನಿಜವಾಗಿ ಭೇಟಿಯಾಗಿದ್ದರೇ? ಇವರ ನೆನಪು ಗಟ್ಟಿಯೇ? ಇವರು ನಂಬಿಕಸ್ಥರೇ? ನಿರೂಪಕರ ಬದುಕನ್ನು ಪರಿಶೀಲಿಸಲೆಂದೇ ಒಂದು ಶಾಸ್ತ್ರ ಬೆಳೆಯಿತು. ಬಂದ ಸುದ್ದಿಯನ್ನು ವಿಚಾರಿಸದೆ ನಂಬಿ ಅರಿಯದೆ ಜನರಿಗೆ ಹಾನಿ ಮಾಡಬಾರದೆಂಬ ಎಚ್ಚರಿಕೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಇಷ್ಟೆಲ್ಲ ಪಾಠವಾದ ನಾವು ಆ ಸಂಜೆ ಒಂದು ದನಿಯ ಸನದ್ ಕೇಳಲಿಲ್ಲ. ಸರಪಳಿಯಿಲ್ಲದ ಮಾತಿಗೆ ನಾವೇ ಒಂದು ಕೊಂಡಿಯಾದೆವು.

ಹಾಗಾದರೆ ಸುಮ್ಮನಿರಬೇಕಿತ್ತೇ? ಅದೂ ಅಲ್ಲ. ಆ ವಾರ ಕೆಲವೆಡೆ ಗುಡ್ಡ ಜಾರಿದ್ದು ನಿಜ, ಸಮಯಕ್ಕೆ ಸಿಕ್ಕ ಎಚ್ಚರಿಕೆ ಜೀವ ಉಳಿಸುತ್ತದೆ. ಹೇಳಿದ್ದು ತಪ್ಪಲ್ಲ, ಯಾರು ನೋಡಿದರು, ಎಲ್ಲಿ, ಯಾವಾಗ ಎಂಬುದಿಲ್ಲದೆ ಹೇಳಿದ್ದು ತಪ್ಪು.

ಈ ವಿಜ್ಞಾನದ ಮುಂದಿನ ದಿನಗಳ ಬಗ್ಗೆ ಯೋಚಿಸಿದರೆ ಆತಂಕವಾಗುತ್ತದೆ. ಅದು ಬೆಳೆದದ್ದು ಪುಟಗಳು, ಮಾತುಗಳು ಎಲ್ಲರ ಕಣ್ಣಿಗೆ ಬೀಳುತ್ತಿದ್ದುದರಿಂದ. ಈಗ ಬಾಗಿಲುಗಳು ಮುಚ್ಚುತ್ತಿವೆ. ಸಂಶೋಧಕರು ನೆಚ್ಚಿಕೊಂಡಿದ್ದ ಉಚಿತ ಮಾಹಿತಿಯ ದಾರಿಯನ್ನು 2023ರಲ್ಲಿ ಟ್ವಿಟರ್ ಮುಚ್ಚಿತು. ಫೇಸ್‌ಬುಕ್‌ನಲ್ಲಿ ಏನು ಹರಡುತ್ತಿದೆ ಎಂದು ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವನ್ನು 2024ರ ಆಗಸ್ಟಿನಲ್ಲಿ ಮೆಟಾ ಕಂಪನಿ ನಿಲ್ಲಿಸಿತು. ವಾಟ್ಸಾಪಿನ ಗುಂಪುಗಳೊಳಗೆ ಹೊರಗಿನವರಿಗೆ ನೋಟವಿಲ್ಲ. ನಮ್ಮ ಖಾಸಗಿ ಮಾತಿಗೆ ಆ ಬೀಗ ಬೇಕು ಕೂಡ. ಈ ನಡುವೆ ಇಲ್ಲದ ಮನುಷ್ಯನ ದನಿಯನ್ನೂ ಯಂತ್ರವೇ ಹುಟ್ಟಿಸುತ್ತಿದೆ. ಅಂದು ನಾವು ಕೇಳಿದ ಏದುಸಿರಿಗೆ ಒಬ್ಬ ಮನುಷ್ಯನಾದರೂ ಇದ್ದ.

ಇನ್ನೊಂದು ಕಡೆ, ಇದ್ದದ್ದೂ ಅಳಿಯುತ್ತಿದೆ. 2013ರಲ್ಲಿದ್ದ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳಲ್ಲಿ ಕಾಣೆಯಾಗಿದ್ದವೆಂದು ಅಮೆರಿಕದ ಪ್ಯೂ ಸಂಸ್ಥೆ 2024ರಲ್ಲಿ ವರದಿ ಮಾಡಿತು. ನಮ್ಮದೇ ಒಂದು ಕಥೆ ಜಾಲಪತ್ರಿಕೆಯೊಂದರಲ್ಲಿ ಬಂದಿತ್ತು. ಈಗ ಆ ಪತ್ರಿಕೆಯೂ ಇಲ್ಲ, ಪುಟವೂ ಇಲ್ಲ. ಕನ್ನಡಕ್ಕೆ ಈ ಜಾಲದಲ್ಲಿ ಜಾಗ ಸುಲಭಕ್ಕೆ ಸಿಕ್ಕಿದ್ದಲ್ಲ. ನಮ್ಮ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ತಲೆಕೆಡಿಸಿಕೊಂಡಿದ್ದರೆಂದು ಓದುಗರಿಗೆ ಗೊತ್ತು. ಕನ್ನಡ ವಿಕಿಪೀಡಿಯ 2003ರಲ್ಲಿ, ಉರ್ದುವಿನದು 2004ರಲ್ಲಿ ಆರಂಭವಾದವು. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಬೇರೆ ಫಾಂಟುಗಳಲ್ಲಿ ಬರೆದಿಟ್ಟ ಎಷ್ಟೋ ಕನ್ನಡ ಪುಟಗಳು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಲಸಿದ ಅಕ್ಷರಗಳಾಗಿಯೇ ಕಾಣುತ್ತವೆ. ನಾಳೆಯ ಸಂಶೋಧಕರು ಇಂಗ್ಲಿಷನ್ನು ಮಾತ್ರ ಓದಿದರೆ, ಮುರ್ಕಿಯಲ್ಲಿ, ಜಾವಳಿಯಲ್ಲಿ ಏನಾಯಿತು ಎಂಬುದು ಅವರ ಲೆಕ್ಕಕ್ಕೇ ಬರುವುದಿಲ್ಲ. ಈ ವಿಜ್ಞಾನಕ್ಕೆ ಕನ್ನಡ, ಉರ್ದು, ಬ್ಯಾರಿ, ತುಳು ಬಲ್ಲ ಹುಡುಗ ಹುಡುಗಿಯರು ಬೇಕು. ನಮ್ಮ ಕಾಲೇಜುಗಳಲ್ಲಿ ಅಂಥವರು ಇದ್ದಾರೆ. ಹೀಗೊಂದು ಓದು ಇದೆ ಎಂದು ಅವರಿಗೆ ಹೇಳುವವರು ಬೇಕು.

ದಾದಿಮಾ ಈಗ ಕೋಲೂರಿ ನಡೆಯುತ್ತಾರೆ. ಬಹಳ ದಿನ ಅವರಿಗೆ ನಿಜ ಹೇಳುವ ಧೈರ್ಯ ನಮಗಿರಲಿಲ್ಲ. ಕೊನೆಗೊಂದು ದಿನ ಹೇಳಿದೆವು, ಅದು ಎಲ್ಲಿಯದೋ ಗುಡ್ಡ, ಯಾರದೋ ದನಿ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ನೋಡಿ ಬಂದು ಹೇಳಿದೆ ಅಂದುಕೊಂಡೆ ಮಗಾ’ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವರಿಗೆ ಆ ಸುದ್ದಿಯ ಮೂಲ ಕೊಡಗೂ ಅಲ್ಲ, ದಮಾಮೂ ಅಲ್ಲ, ನಾವೇ ಆಗಿದ್ದೆವು.

ಶಾಲೆಯ ಮೆಟ್ಟಿಲು ಹತ್ತದ ದಾದಿಮಾ ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದಾರೆ. ಮಳೆಗಾಲದಲ್ಲಿ ನಾವು ಏನೇ ಸುದ್ದಿ ಹಿಡಿದು ಹೋದರೂ ಕೋಲನ್ನು ಗೋಡೆಗೆ ಒರಗಿಸಿ ಮೊದಲು ಕೇಳುತ್ತಾರೆ: ‘ಯಾರು ನೋಡಿದ್ದು?’